ಪೊಲೀಸರ, ಜೈಲಿನವರ, ಪ್ರಾಸಿಕ್ಯೂಟರ್‌ಗಳ ಸಂಘಗಳನ್ನು ನಡೆಸುವವರು ಯಾರು?

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 21 ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳು, ಇವೆ. ಪ್ರತಿ ಕೌಂಟಿಗೂ ಒಬ್ಬ ಪ್ರಾಸಿಕ್ಯೂಟರ್. ಯಾರ ಮೇಲೆ ಕೇಸು ಹಾಕಬೇಕು, ಯಾವ ಕಲಮು ಹಚ್ಚಬೇಕು, ತಪ್ಪೊಪ್ಪಿಕೊಂಡವರಿಗೆ ಎಷ್ಟು ರಿಯಾಯಿತಿ ಕೊಡಬೇಕು ಅನ್ನೋದೆಲ್ಲ ಇವರ ಕೈಯಲ್ಲೇ ಇರುತ್ತದೆ. ರಾಜ್ಯದ ಚುನಾಯಿತ ಮುಖ್ಯಸ್ಥರಾದ ಗವರ್ನರ್ ಇವರನ್ನು ನೇಮಿಸುತ್ತಾರೆ, ರಾಜ್ಯದ ಸೆನೆಟ್ ಒಪ್ಪಿಗೆ ಕೊಡುತ್ತದೆ, ಸಂಬಳ ಜನರ ತೆರಿಗೆಯಿಂದ ಬರುತ್ತದೆ. ಈ 21 ಮಂದಿ ಸೇರಿ ಒಂದು ಲಾಭರಹಿತ ಸಂಘ ಕಟ್ಟಿಕೊಂಡಿದ್ದಾರೆ. ನಾಗರಿಕ ಹಕ್ಕುಗಳಿಗಾಗಿ ಕೆಲಸ ಮಾಡುವ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್‌ನ ರಾಜ್ಯ ಘಟಕ 2019ರಲ್ಲಿ ಆ ಸಂಘದ ದಾಖಲೆಗಳನ್ನು ಕೇಳಿತು. ಸಂಘ ಕೊಡಲಿಲ್ಲ. ವ್ಯಾಜ್ಯ ಒಂದೊಂದೇ ಕೋರ್ಟು ಹತ್ತಿ, 2024ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಈ ಸಂಘ ಸಾರ್ವಜನಿಕ ಸಂಸ್ಥೆ ಅಲ್ಲ, ಸಾರ್ವಜನಿಕ ದಾಖಲೆಗಳ ಕಾಯ್ದೆ ಇದಕ್ಕೆ ಅನ್ವಯಿಸುವುದಿಲ್ಲ.

ಇದೇ ಕೋರ್ಟು 2011ರಲ್ಲಿ ಇದೇ ಕಾಯ್ದೆಯಡಿ ಬೇರೆ ಮಾತು ಹೇಳಿತ್ತು. ಆಗ ಕಟಕಟೆಯಲ್ಲಿ ಇದ್ದದ್ದು ರಾಜ್ಯದ ಪೌರಸಂಸ್ಥೆಗಳ ಒಕ್ಕೂಟ. ಅದೂ ಲಾಭರಹಿತ ಸಂಘವೇ. ಆದರೆ ಊರುಗಳ ಆಡಳಿತಗಳೇ ಸೇರಿ ಅದನ್ನು ಕಟ್ಟಿವೆ, ಹಾಗಾಗಿ ದಾಖಲೆ ಕೊಡಲೇಬೇಕು ಎಂದಿತ್ತು ಕೋರ್ಟು. ಪ್ರಾಸಿಕ್ಯೂಟರ್ ವಿಷಯದಲ್ಲಿ ವ್ಯತ್ಯಾಸ ಇಷ್ಟೇ: ಅವರು ಕೌಂಟಿಯಲ್ಲಿ ಕೆಲಸ ಮಾಡಿದರೂ ಅವರೇ ಕೌಂಟಿ ಅಲ್ಲ. ಕಾನೂನಿನ ಪ್ರಕಾರ ಈ ವ್ಯತ್ಯಾಸ ಸರಿ ಇರಬಹುದು. ಆದರೆ ಅದರ ಪರಿಣಾಮ ನೋಡಿ. ಒಬ್ಬ ಪ್ರಾಸಿಕ್ಯೂಟರ್ ಕಚೇರಿಯಲ್ಲಿ ಕೂತು ಬರೆದ ಪತ್ರವನ್ನು ಜನ ಕೇಳಿ ಪಡೆಯಬಹುದು. ಅದೇ 21 ಪ್ರಾಸಿಕ್ಯೂಟರ್‌ಗಳು ಒಂದು ಕೋಣೆಯಲ್ಲಿ ಸೇರಿ, ಇಡೀ ರಾಜ್ಯಕ್ಕೆ ತಾಗುವ ನಿಲುವು ತೆಗೆದುಕೊಂಡರೆ ಅದು ಖಾಸಗಿ ಸಂಘದ ವ್ಯವಹಾರ ಆಗುತ್ತದೆ.

ಹೊರಗಿನ ಕಾಯ್ದೆ ಬಾಗಿಲು ಹಾಕಿದ ಮೇಲೆ ಉಳಿಯುವುದು ಒಳಗಿನ ಏರ್ಪಾಡು ಮಾತ್ರ. ಸಂಘದ ಬೈಲಾ, ಅಂದರೆ ಅದರ ಒಳ ನಿಯಮಾವಳಿ, ಏನು ಹೇಳುತ್ತದೆ? ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ? ಅವರನ್ನು ಆರಿಸಿದವರು ಯಾರು? ದುಡ್ಡು ಎಲ್ಲಿಂದ ಬರುತ್ತದೆ? ಓದುವುದಕ್ಕೆ ಒಣ ವಿಷಯ ಅನ್ನಿಸಬಹುದು. ಆದರೆ ಅಪರಾಧ ನ್ಯಾಯದ ಕ್ಷೇತ್ರದಲ್ಲಿ ಇವು ಜೈಲಿನ ಒಳಗಿರುವ ಮನುಷ್ಯನ ದಿನಚರಿಯವರೆಗೂ ಹೋಗಿ ಮುಟ್ಟುವ ಪ್ರಶ್ನೆಗಳು.

ಈ ಸಂಘಗಳ ಕೈ ಎಷ್ಟು ಉದ್ದ ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಪೊಲೀಸ್ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘ 1893ರಲ್ಲಿ ಹುಟ್ಟಿತು. ಅಮೆರಿಕದಲ್ಲಿ ಅಪರಾಧ ಜಾಸ್ತಿಯಾಗಿದೆಯೋ ಕಡಿಮೆಯಾಗಿದೆಯೋ ಎಂದು ಹೇಳುವುದಕ್ಕೆ 1920ರ ದಶಕದವರೆಗೂ ದೇಶಕ್ಕೆಲ್ಲ ಒಂದೇ ಲೆಕ್ಕ ಇರಲಿಲ್ಲ. ಈ ಸಂಘದ ಒಂದು ಸಮಿತಿ ಕೂತು, ಯಾವ ಅಪರಾಧಗಳನ್ನು ಎಣಿಸಬೇಕು, ಹೇಗೆ ಎಣಿಸಬೇಕು ಎಂದು ನಿಯಮ ಮಾಡಿತು. 1930ರಲ್ಲಿ ಎಫ್‌ಬಿಐ ಆ ಎಣಿಕೆಯನ್ನು ಕೈಗೆತ್ತಿಕೊಂಡಿತು. ಆ ಪದ್ಧತಿಯಲ್ಲಿ ಒಂದೇ ಘಟನೆಯಲ್ಲಿ ಹಲವು ಅಪರಾಧ ನಡೆದರೆ ಅವುಗಳಲ್ಲಿ ದೊಡ್ಡದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ದರೋಡೆ ಮಾಡುವಾಗ ಕೊಲೆಯೂ ಆದರೆ ಕೊಲೆ ಒಂದೇ ಎಣಿಕೆಗೆ ಸಿಗುತ್ತಿತ್ತು, ದರೋಡೆ ಬಿಟ್ಟುಹೋಗುತ್ತಿತ್ತು. ಎಫ್‌ಬಿಐ ಈ ಹಳೇ ಪದ್ಧತಿಯಿಂದ ಹೊಸದಕ್ಕೆ ಬದಲಾದದ್ದು 2021ರ ಜನವರಿಯಲ್ಲಿ. ಒಂದು ಖಾಸಗಿ ಸಂಘದ ಸಮಿತಿ ಹಾಕಿಕೊಟ್ಟ ಚೌಕಟ್ಟಿನಲ್ಲಿ ಒಂದು ದೇಶ ತೊಂಬತ್ತು ವರ್ಷ ತನ್ನ ಅಪರಾಧವನ್ನು ಅಳೆದುಕೊಂಡಿತು. ಆ ಸಮಿತಿಗೆ ಯಾರೂ ಓಟು ಹಾಕಿರಲಿಲ್ಲ.

ಜೈಲುಗಳ ಕಡೆ ಇದಕ್ಕಿಂತ ಹಳೆಯ ಸಂಘವಿದೆ. 1870ರಲ್ಲಿ ಸಿನ್ಸಿನಾಟಿಯಲ್ಲಿ ಜೈಲು ಸುಧಾರಕರ ಸಮ್ಮೇಳನ ನಡೆಯಿತು. ಆಗ ಓಹಾಯೊದ ಗವರ್ನರ್ ಆಗಿದ್ದ, ಮುಂದೆ ದೇಶದ ಅಧ್ಯಕ್ಷರೂ ಆದ ರದರ್‌ಫರ್ಡ್ ಹೇಯ್ಸ್ ಅದರ ಅಧ್ಯಕ್ಷತೆ ವಹಿಸಿದ್ದರು. ಜೈಲಿನ ಗುರಿ ಕೈದಿಯನ್ನು ತಿದ್ದುವುದು, ಸೇಡಿಗಾಗಿ ನೋಯಿಸುವುದಲ್ಲ ಎಂದು ಆ ಸಮ್ಮೇಳನ ಘೋಷಿಸಿತು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಅಲ್ಲಿಂದ ಹುಟ್ಟಿದ ಸಂಘವೇ ಇಂದಿನ ಅಮೆರಿಕನ್ ಕರೆಕ್ಷನಲ್ ಅಸೋಸಿಯೇಷನ್. ಜೈಲಿನ ಕೋಣೆ ಎಷ್ಟು ದೊಡ್ಡದಿರಬೇಕು, ಸಿಬ್ಬಂದಿಗೆ ಎಷ್ಟು ತರಬೇತಿ ಬೇಕು ಎಂಬಂಥ ಮಾನದಂಡಗಳನ್ನು ಬರೆಯುವುದು, ಅವುಗಳ ಪ್ರಕಾರ ಜೈಲುಗಳಿಗೆ ಮಾನ್ಯತೆ ಕೊಡುವುದು ಇದರ ಕೆಲಸ. ಪೊಲೀಸ್ ಇಲಾಖೆಗಳಿಗೆ ಮಾನ್ಯತೆ ಕೊಡುವ ಆಯೋಗವನ್ನು 1979ರಲ್ಲಿ ನಾಲ್ಕು ಪೊಲೀಸ್ ಸಂಘಗಳು ಸೇರಿ ಹುಟ್ಟುಹಾಕಿದವು. ಇನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಡುವ ಬರ್ನ್ ಅನುದಾನವನ್ನು ಹಂಚುವ ರಾಜ್ಯ ಸಂಸ್ಥೆಗಳಿಗೂ ಒಂದು ರಾಷ್ಟ್ರೀಯ ಸಂಘವಿದೆ. 1988ರಲ್ಲಿ ನ್ಯೂಯಾರ್ಕ್‌ನಲ್ಲಿ ಹತ್ಯೆಯಾದ ಯುವ ಪೊಲೀಸ್ ಅಧಿಕಾರಿ ಎಡ್ವರ್ಡ್ ಬರ್ನ್ ಅವರ ಹೆಸರಿನ ಅನುದಾನ ಅದು. ಅದರಲ್ಲಿ 60 ಪಾಲು ರಾಜ್ಯಕ್ಕೆ, 40 ಪಾಲು ಸ್ಥಳೀಯ ಆಡಳಿತಗಳಿಗೆ ಹೋಗುತ್ತದೆ. ದುಡ್ಡು ಹಂಚುವವರೇ ಸದಸ್ಯರಾಗಿರುವ ಸಂಘ, ಆ ದುಡ್ಡು ಇನ್ನೂ ಬರಲಿ ಎಂದು ರಾಜಧಾನಿಯಲ್ಲಿ ವಾದ ಮಾಡುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ವಾದವನ್ನು ಯಾರ ಪರವಾಗಿ ಮಾಡುತ್ತಿದೆ ಅನ್ನೋದು ತಿಳಿದಿರಬೇಕು, ಅಲ್ವಾ?

ಕಾನೂನಿನ ಚೌಕಟ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಥ ಸಂಘ ಮೊದಲು ಯಾವುದಾದರೂ ಒಂದು ರಾಜ್ಯದಲ್ಲಿ ನೋಂದಣಿ ಆಗುತ್ತದೆ. ಆ ರಾಜ್ಯದ ಕಾನೂನು ಮಂಡಳಿಗೆ ಕನಿಷ್ಠ ಎಷ್ಟು ಜನ ಬೇಕು ಎಂದು ಹೇಳುತ್ತದೆ. ನ್ಯೂಯಾರ್ಕ್‌ನಲ್ಲಿ ಮೂವರು ಸಾಕು. ಕ್ಯಾಲಿಫೋರ್ನಿಯಾದಲ್ಲಿ, ಸಾರ್ವಜನಿಕ ಹಿತದ ಸಂಸ್ಥೆಯಾದರೆ, ಸಂಸ್ಥೆಯಿಂದ ಸಂಬಳ ಪಡೆಯುವವರು ಮತ್ತು ಅವರ ಹತ್ತಿರದ ಬಂಧುಗಳು ಮಂಡಳಿಯ 49 ಶೇಕಡಾಕ್ಕಿಂತ ಹೆಚ್ಚಿರುವಂತಿಲ್ಲ. ಅಲ್ಲೇ 2004ರ ಕಾಯ್ದೆಯ ಪ್ರಕಾರ, ವರ್ಷಕ್ಕೆ 20 ಲಕ್ಷ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಆದಾಯವಿರುವ ದತ್ತಿ ಸಂಸ್ಥೆಗೆ ಆಡಿಟ್ ಸಮಿತಿ ಕಡ್ಡಾಯ. ದಾರಿ ತಪ್ಪಿದ ದತ್ತಿ ಸಂಸ್ಥೆಯನ್ನು ಕೋರ್ಟಿಗೆ ಎಳೆಯುವ ಅಧಿಕಾರ ರಾಜ್ಯದ ಅಟಾರ್ನಿ ಜನರಲ್‌ಗೆ ಇರುತ್ತದೆ. ಇನ್ನೊಂದು ಕಡೆ ಕೇಂದ್ರ ತೆರಿಗೆ ಇಲಾಖೆ. ತೆರಿಗೆ ಕಾನೂನಿನಲ್ಲಿ 501(ಸಿ)(3) ಎಂದು ಕರೆಯುವ ದತ್ತಿ ವರ್ಗದ ಸಂಘಕ್ಕೆ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಆ ಸಂಘ ಯಾವ ಅಭ್ಯರ್ಥಿಯ ಪರ, ವಿರೋಧ ಪ್ರಚಾರ ಮಾಡುವಂತಿಲ್ಲ, ಕಾಯ್ದೆಗಳ ಪರವಾಗಿ ಲಾಬಿ ಮಾಡುವುದಕ್ಕೂ ಮಿತಿ ಇದೆ. 501(ಸಿ)(6) ವರ್ಗದ ವೃತ್ತಿ ಸಂಘಕ್ಕೆ ಲಾಬಿಯ ಕೈ ಬಿಚ್ಚಿರುತ್ತದೆ, ದೇಣಿಗೆಯ ವಿನಾಯಿತಿ ಇರುವುದಿಲ್ಲ. ಒಂದು ಸಂಘ ಯಾವ ವರ್ಗ ಆರಿಸಿಕೊಂಡಿದೆ ಎಂದು ನೋಡಿದರೆ ಅದು ತನ್ನನ್ನು ಏನೆಂದುಕೊಂಡಿದೆ ಅನ್ನೋದು ಅರ್ಧ ತಿಳಿಯುತ್ತದೆ.

ನನ್ನ ಮಟ್ಟಿಗೆ ನಿಜವಾದ ವಿಷಯ ಶುರುವಾಗುವುದು ಮಂಡಳಿಯ ಕುರ್ಚಿಗಳಿಂದ.

ಬೈಲಾ ತೆರೆದು ನೋಡಿದರೆ ಸಾಮಾನ್ಯವಾಗಿ ಎರಡು ಬಗೆ ಕಾಣುತ್ತವೆ. ಒಂದರಲ್ಲಿ ಚಂದಾ ಕೊಟ್ಟ ಸದಸ್ಯರು ಓಟು ಹಾಕಿ ಮಂಡಳಿಯನ್ನು ಆರಿಸುತ್ತಾರೆ. ಇನ್ನೊಂದರಲ್ಲಿ ಇರುವ ಮಂಡಳಿಯೇ ತನ್ನ ಮುಂದಿನವರನ್ನು ಆರಿಸಿಕೊಳ್ಳುತ್ತದೆ. ಮೊದಲನೆಯದು ಹೆಚ್ಚು ಪ್ರಜಾಸತ್ತಾತ್ಮಕ ಅನ್ನಿಸುತ್ತದೆ. ಆದರೆ ಅಲ್ಲೂ ನಾಮನಿರ್ದೇಶನ ಸಮಿತಿ ಎಂಬ ಒಂದು ಜಾಗವಿದೆ. ಪಟ್ಟಿಗೆ ಯಾರ ಹೆಸರು ಹೋಗಬೇಕು ಎಂದು ಆ ಸಮಿತಿ ತೀರ್ಮಾನಿಸುತ್ತದೆ. ಒಂದು ಕುರ್ಚಿಗೆ ಒಂದೇ ಹೆಸರು ಬಂದರೆ ಚುನಾವಣೆ ಅನ್ನೋದು ಕೈ ಎತ್ತುವ ಶಾಸ್ತ್ರವಷ್ಟೇ. ಪೊಲೀಸ್, ಜೈಲು ವಲಯದ ಸಂಘಗಳಲ್ಲಿ ಏಣಿಯ ಪದ್ಧತಿಯೂ ಇದೆ. ಕೊನೆಯ ಉಪಾಧ್ಯಕ್ಷನಾಗಿ ಒಳಗೆ ಬಂದವರು ವರ್ಷ ವರ್ಷಕ್ಕೆ ಒಂದೊಂದೇ ಮೆಟ್ಟಿಲು ಹತ್ತಿ ಅಧ್ಯಕ್ಷರಾಗುತ್ತಾರೆ. ಇದರಿಂದ ಅನುಭವ ಬರುತ್ತದೆ, ನಿಜ. ಆದರೆ ಮುಂದಿನ ಕೆಲವು ವರ್ಷದ ಅಧ್ಯಕ್ಷರೆಲ್ಲ ಈಗಲೇ ಗೊತ್ತಿರುವ ಸಂಘದಲ್ಲಿ ಭಿನ್ನ ಮಾತು ಆಡುವ ಹೊಸಬರಿಗೆ ಜಾಗ ಎಲ್ಲಿದೆ?

ಈ ಕ್ಷೇತ್ರಕ್ಕೇ ಅಂಟಿದ ಇನ್ನೊಂದು ತೊಡಕು ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಂಡಳಿಯ ಸದಸ್ಯರಲ್ಲಿ ಹೆಚ್ಚಿನವರು ಹುದ್ದೆಯ ಬಲದಿಂದ ಅಲ್ಲಿರುವವರು. ರಾಜ್ಯದ ಜೈಲು ಇಲಾಖೆಯ ನಿರ್ದೇಶಕರು, ಕೌಂಟಿಯ ಚುನಾಯಿತ ಕಾನೂನು ಪಾಲನಾ ಅಧಿಕಾರಿಯಾದ ಶೆರಿಫ್, ಪೊಲೀಸ್ ಮುಖ್ಯಸ್ಥರು, ಅನುದಾನ ಸಂಸ್ಥೆಯ ಮುಖ್ಯಸ್ಥರು. ಶೆರಿಫ್ ಚುನಾವಣೆ ಸೋತರೆ ಮಂಡಳಿಯ ಕುರ್ಚಿಯೂ ಖಾಲಿ. ಗವರ್ನರ್ ಬದಲಾದರೆ ಇಲಾಖೆಗಳ ಮುಖ್ಯಸ್ಥರೂ ಬದಲಾಗುತ್ತಾರೆ, ಅವರ ಜೊತೆಗೆ ಸಂಘದ ಮಂಡಳಿಯ ಮುಖಗಳೂ. ಇದ್ದಷ್ಟು ದಿನವೂ ಅವರಿಗೆ ಕೈ ತುಂಬ ಸ್ವಂತ ಕೆಲಸ. ಜೈಲಿನಲ್ಲಿ ಗಲಾಟೆಯಾದ ವಾರ ಯಾವ ನಿರ್ದೇಶಕರೂ ಸಂಘದ ಬಜೆಟ್ ಓದುತ್ತಾ ಕೂರುವುದಿಲ್ಲ. ಹೀಗೆ ಬಂದು ಹೋಗುವವರ ನಡುವೆ ನೆಲೆ ನಿಲ್ಲುವವರು ಒಬ್ಬರೇ, ಸಂಬಳಕ್ಕಿರುವ ಕಾರ್ಯನಿರ್ವಾಹಕ ನಿರ್ದೇಶಕರು. ಹಳೇ ಕಡತ ಎಲ್ಲಿದೆ, ಯಾವ ಪ್ರಾಯೋಜಕರಿಗೆ ಯಾರು ಫೋನ್ ಮಾಡಬೇಕು, ಕಳೆದ ಸಲ ಈ ನಿರ್ಣಯ ಯಾಕೆ ಬಿತ್ತು ಅನ್ನೋದೆಲ್ಲ ಅವರಿಗೆ ಮಾತ್ರ ಗೊತ್ತು. ಬೈಲಾದ ಪ್ರಕಾರ ಮಂಡಳಿ ಅವರಿಗೆ ಯಜಮಾನ. ದಿನನಿತ್ಯದ ವ್ಯವಹಾರದಲ್ಲಿ ಅವರೇ ಮಂಡಳಿಗೆ ದಾರಿ ತೋರಿಸುವವರು.

ಮಂಡಳಿ ಹೀಗೆ ನಿದ್ದೆಗೆ ಜಾರಿದರೆ ಏನಾಗುತ್ತದೆ? ಅಮೆರಿಕದ ಲಾಭರಹಿತ ಸಂಸ್ಥೆಗಳ ಕಾನೂನಿನಲ್ಲಿ ಎಲ್ಲರೂ ನೆನೆಯುವ ಒಂದು ಪ್ರಕರಣವಿದೆ. ಅದು ಅಪರಾಧ ನ್ಯಾಯದ ಸಂಘದ್ದಲ್ಲ, ವಾಷಿಂಗ್ಟನ್‌ನ ಸಿಬ್ಲಿ ಆಸ್ಪತ್ರೆಯದು. 1974ರಲ್ಲಿ ಕೇಂದ್ರ ಜಿಲ್ಲಾ ಕೋರ್ಟು ತೀರ್ಪು ಕೊಟ್ಟಿತು. ಆಸ್ಪತ್ರೆಯ ಬೈಲಾದಲ್ಲಿ ಹಣಕಾಸು ಸಮಿತಿ ಇತ್ತು, ಹೂಡಿಕೆ ಸಮಿತಿ ಇತ್ತು. 1960ರಲ್ಲಿ ಹುಟ್ಟಿದ ಆ ಎರಡು ಸಮಿತಿಗಳು 1971ರವರೆಗೆ ಒಂದು ಸಲವೂ ಸೇರಲಿಲ್ಲ. ಆಡಳಿತಾಧಿಕಾರಿ ಮತ್ತು ಖಜಾಂಚಿ ಇಬ್ಬರೇ ಎಲ್ಲ ನಡೆಸುತ್ತಿದ್ದರು, ಉಳಿದವರು ಸಹಿ ಹಾಕುತ್ತಿದ್ದರು. ಆಸ್ಪತ್ರೆಯ ದೊಡ್ಡ ಮೊತ್ತ ಬಡ್ಡಿಯೇ ಇಲ್ಲದ ಖಾತೆಗಳಲ್ಲಿ ಬಿದ್ದಿತ್ತು. ಆ ಖಾತೆಗಳು ಇದ್ದ ಬ್ಯಾಂಕುಗಳಲ್ಲಿ ಮಂಡಳಿಯ ಕೆಲವು ಸದಸ್ಯರಿಗೂ ಸ್ಥಾನವಿತ್ತು. ಕದ್ದರು ಎಂದು ಕೋರ್ಟು ಹೇಳಲಿಲ್ಲ. ನೋಡಿಕೊಳ್ಳಬೇಕಾದವರು ನೋಡಲಿಲ್ಲ, ಅದೇ ಕರ್ತವ್ಯಲೋಪ ಎಂದಿತು. ಮಂಡಳಿಯಲ್ಲಿ ಹೆಸರಿದ್ದು ಸಭೆಗೆ ಬಾರದಿರುವುದನ್ನು, ಬಂದರೂ ಏನೂ ಕೇಳದಿರುವುದನ್ನು ಜನ ಸುಮ್ನೆ ಸೋಮಾರಿತನ ಎಂದು ಬಿಟ್ಟುಬಿಡುತ್ತಾರೆ. ಈ ತೀರ್ಪು ಬಿಡಲಿಲ್ಲ.

ಹಾಗಂತ ಮಂಡಳಿ ದೊಡ್ಡದಿದ್ದರೆ ಕಾವಲು ಗಟ್ಟಿ ಎಂದೂ ಹೇಳಲಾಗದು. ಬಂದೂಕು ಹಕ್ಕಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ಗೆ 76 ಜನರ ಮಂಡಳಿ ಇತ್ತು. ನ್ಯೂಯಾರ್ಕ್ ಅಟಾರ್ನಿ ಜನರಲ್ 2020ರಲ್ಲಿ ಹೂಡಿದ ಮೊಕದ್ದಮೆಯಲ್ಲಿ 2024ರ ಫೆಬ್ರವರಿಯಲ್ಲಿ ಜ್ಯೂರಿ ತೀರ್ಪು ಬಂತು. ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದ ವೇಯ್ನ್ ಲಾಪಿಯರ್ 43.5 ಲಕ್ಷ ಡಾಲರ್ ಹಿಂತಿರುಗಿಸಬೇಕು ಎಂದಿತು. 76 ಜನ ಒಂದು ಕೋಣೆಯಲ್ಲಿ ಕೂತರೆ ಪ್ರತಿಯೊಬ್ಬರೂ ಬೇರೆ ಯಾರೋ ಲೆಕ್ಕ ನೋಡಿರುತ್ತಾರೆ ಅಂದುಕೊಳ್ಳುತ್ತಾರೆ. ನಿಜವಾದ ತೀರ್ಮಾನ ಕಾರ್ಯಕಾರಿ ಸಮಿತಿಯ ಕೆಲವೇ ಜನರ ಕೈಗೆ ಜಾರುತ್ತದೆ.

ದುಡ್ಡಿನ ಕಳ್ಳತನ ಕಣ್ಣಿಗೆ ಬೀಳುವಂಥ ರೋಗ. ನ್ಯೂಯಾರ್ಕ್ ಪೊಲೀಸ್ ಸಾರ್ಜೆಂಟ್‌ಗಳ ಬೆನೆವೊಲೆಂಟ್ ಅಸೋಸಿಯೇಷನ್ ಅಧ್ಯಕ್ಷರಾಗಿದ್ದವರು 2023ರ ಜನವರಿಯಲ್ಲಿ ತಪ್ಪೊಪ್ಪಿಕೊಂಡರು. ವರ್ಷಗಟ್ಟಲೆ ಸುಳ್ಳು ಖರ್ಚಿನ ಚೀಟಿ ಕೊಟ್ಟು ಸಂಘದಿಂದ ಸುಮಾರು 6 ಲಕ್ಷ ಡಾಲರ್ ಎತ್ತಿದ್ದರು. ದುಬಾರಿ ಹೋಟೆಲಿನ ಊಟದಂಥ ಸ್ವಂತ ಖರ್ಚನ್ನೆಲ್ಲ ಸಂಘದ ಕೆಲಸ ಎಂದು ತೋರಿಸಿದ್ದರು. ಅದೇ ವರ್ಷ ಅವರಿಗೆ ಎರಡು ವರ್ಷದ ಶಿಕ್ಷೆಯಾಯಿತು. ಇದು ಕಾರ್ಮಿಕ ಸಂಘಟನೆ, ದತ್ತಿ ಸಂಸ್ಥೆ ಅಲ್ಲ. ಆದರೂ ಪಾಠ ಎರಡಕ್ಕೂ ಒಂದೇ. ಸಾಕ್ಷ್ಯ ಹುಡುಕುವುದನ್ನೇ ವೃತ್ತಿ ಮಾಡಿಕೊಂಡ ಸಾವಿರಾರು ಜನರ ಸಂಘದಲ್ಲಿ, ಅಧ್ಯಕ್ಷರ ಬಿಲ್ಲುಗಳಿಗೆ ಗಟ್ಟಿಯಾದ ಸಾಕ್ಷ್ಯ ಕೇಳುವ ಏರ್ಪಾಡು ಕೆಲಸ ಮಾಡಲಿಲ್ಲ. ಶಿಸ್ತಿನ ಪಡೆಯಲ್ಲಿ ಬೆಳೆದವರಿಗೆ ಮೇಲಿನವರನ್ನು ಪ್ರಶ್ನಿಸುವುದು ಕಷ್ಟ. ಆ ಅಭ್ಯಾಸ ಸಮವಸ್ತ್ರ ಬಿಚ್ಚಿಟ್ಟು ಮಂಡಳಿಯ ಸಭೆಗೆ ಬಂದಾಗಲೂ ಬಿಡುವುದಿಲ್ಲ ಅನ್ನೋದು ನನ್ನ ಅನಿಸಿಕೆ. ಬಿಲ್ಲಿಗೆ ಇಬ್ಬರ ಸಹಿ, ಮಂಡಳಿಗೆ ನೇರವಾಗಿ ವರದಿ ಕೊಡುವ ಆಡಿಟರ್, ತಪ್ಪು ಹೇಳಿದ ನೌಕರನಿಗೆ ರಕ್ಷಣೆ, ಇವೆಲ್ಲ ಎಲ್ಲ ಸಂಘಕ್ಕೂ ಬೇಕು. ಇಂಥ ಸಂಘಕ್ಕೆ ಇನ್ನೂ ಜಾಸ್ತಿ ಬೇಕು.

ಕಣ್ಣಿಗೆ ಬೀಳದ ರೋಗ ಇದಕ್ಕಿಂತ ಆಳದ್ದು. ಅದರಲ್ಲಿ ಯಾರೂ ಒಂದು ಪೈಸೆ ಕದ್ದಿರುವುದಿಲ್ಲ.

ಜೈಲುಗಳ ಮಾನ್ಯತೆಯ ವಿಷಯವನ್ನೇ ತೆಗೆದುಕೊಳ್ಳಿ. ಜೈಲು ನಡೆಸುವವರು ಸಂಘದ ಸದಸ್ಯರು. ಸಂಘ ಮಾನದಂಡ ಬರೆಯುತ್ತದೆ. ಮಾನ್ಯತೆ ಬೇಕಾದ ಜೈಲು ಸಂಘಕ್ಕೆ ಶುಲ್ಕ ಕಟ್ಟುತ್ತದೆ. ಪರಿಶೀಲನೆಗೆ ಬರುವವರೂ ಬಹುಪಾಲು ಅದೇ ಕ್ಷೇತ್ರದಲ್ಲಿ ದುಡಿದವರು. ಪಾಸಾದ ಜೈಲು ಆ ಪ್ರಮಾಣಪತ್ರವನ್ನು ಗೋಡೆಗೆ ಹಾಕಿಕೊಳ್ಳುತ್ತದೆ, ಕೈದಿಗಳು ಮೊಕದ್ದಮೆ ಹೂಡಿದಾಗ ಕೋರ್ಟಿಗೂ ತೋರಿಸುತ್ತದೆ. ಈ ಸರಪಳಿಯಲ್ಲಿ ಫೇಲು ಮಾಡುವುದರಿಂದ ಲಾಭ ಇರುವವರು ಯಾರು? ಒಬ್ಬರೂ ಇಲ್ಲ. ಜೈಲಿನ ಒಳಗಿರುವವರಿಗೆ ಮಾತ್ರ ಇದೆ, ಅವರು ಸದಸ್ಯರಲ್ಲ.

ಈ ಮಾತನ್ನು ಮೊದಲು ಎತ್ತಿದವರಲ್ಲಿ ಒಬ್ಬರು ಡೇವಿಡ್ ಬೇಜಲಾನ್. ವಾಷಿಂಗ್ಟನ್‌ನ ಕೇಂದ್ರ ಮೇಲ್ಮನವಿ ಕೋರ್ಟಿನ ಹೆಸರಾಂತ ನ್ಯಾಯಾಧೀಶರು. ಜೈಲುಗಳ ಮಾನ್ಯತಾ ಆಯೋಗದ ಮಂಡಳಿಯಲ್ಲಿ ಅವರೂ ಇದ್ದರು. 1982ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಆಯೋಗ ತಾನು ಪರೀಕ್ಷಿಸಬೇಕಾದ ಜೈಲು ಅಧಿಕಾರಿಗಳ ಕಡೆಗೇ ವಾಲಿದೆ, ಜನರ ಕಣ್ಣಿಗೆ ಬೀಳದಂತೆ ಕೆಲಸ ಮಾಡುತ್ತಿದೆ ಎಂಬುದು ಅವರ ದೂರು. ನಲವತ್ತು ವರ್ಷದ ನಂತರವೂ ಅದೇ ದೂರು ಬೇರೆ ಬಾಯಿಂದ ಬರುತ್ತಿದೆ. 2020ರ ಡಿಸೆಂಬರ್‌ನಲ್ಲಿ ಸೆನೆಟರ್ ಎಲಿಜಬೆತ್ ವಾರನ್ ಈ ಮಾನ್ಯತೆಯ ಬಗ್ಗೆ ವರದಿ ಪ್ರಕಟಿಸಿದರು. ಯಾರನ್ನು ಪರೀಕ್ಷಿಸುತ್ತದೋ ಅವರಿಂದಲೇ ಶುಲ್ಕ ಪಡೆಯುವುದು, ತಪಾಸಣೆಗೆ ತಿಂಗಳುಗಟ್ಟಲೆ ಮುಂಚೆ ತಿಳಿಸುವುದು ಅವರ ಮುಖ್ಯ ಆಕ್ಷೇಪ. 2023ರ ನವೆಂಬರ್‌ನಲ್ಲಿ ಕೇಂದ್ರ ನ್ಯಾಯ ಇಲಾಖೆಯ ಕೆಲಸವನ್ನು ಒಳಗಿನಿಂದಲೇ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇನ್ನೂ ನೇರವಾಗಿ ಬರೆಯಿತು. ಕೇಂದ್ರ ಸರ್ಕಾರದ ಜೈಲುಗಳಿಗೆ ಮಾನ್ಯತೆ ನವೀಕರಿಸುವಾಗ ಸಂಘವು ಜೈಲು ಇಲಾಖೆಯದೇ ಒಳ ತಪಾಸಣಾ ವರದಿಗಳನ್ನು ನೆಚ್ಚಿಕೊಳ್ಳುತ್ತಿತ್ತು. ಅಂದರೆ ಇಲಾಖೆ ತಾನೇ ಬರೆದದ್ದನ್ನು ಸರಿ ಎಂದು ಹೇಳಿಸಿಕೊಳ್ಳಲು ಹೊರಗಿನವರಿಗೆ ದುಡ್ಡು ಕೊಡುತ್ತಿರುವಂತೆ ಕಾಣುತ್ತದೆ ಎಂದಿತು ಆ ಕಚೇರಿ.

ಸಂಘದ ಪರವಾಗಿ ಹೇಳುವ ಮಾತೂ ಇದೆ, ಅದನ್ನು ಬಿಡಬಾರದು. ಮಾನ್ಯತೆ ಬಹುಮಟ್ಟಿಗೆ ಸ್ವಇಚ್ಛೆಯದು. ಶುಲ್ಕ ತೆಗೆದುಕೊಳ್ಳದಿದ್ದರೆ ತಪಾಸಣೆ ನಡೆಸುವ ಖರ್ಚು ಯಾರು ಕೊಡಬೇಕು? ತುಂಬ ಬಿಗಿ ಮಾಡಿದರೆ ಜೈಲುಗಳು ಬರುವುದನ್ನೇ ನಿಲ್ಲಿಸುತ್ತವೆ, ಆಗ ಇರುವ ಅಲ್ಪ ಮಾನದಂಡವೂ ಇಲ್ಲವಾಗುತ್ತದೆ. ಜೈಲಿನ ಒಳಗಿನ ಕೆಲಸ ಗೊತ್ತಿಲ್ಲದವರು ಬರೆದ ನಿಯಮ ಜೈಲಿನ ಬಾಗಿಲು ದಾಟುವುದಿಲ್ಲ ಅನ್ನೋದೂ ನಿಜ. ನಾನು ಈ ವಾದಗಳನ್ನು ತಳ್ಳಿಹಾಕುವುದಿಲ್ಲ. ಆದರೆ ಇವೆಲ್ಲ ಪರಿಣತರು ಮಂಡಳಿಯಲ್ಲಿ ಇರಬೇಕು ಎಂಬುದಕ್ಕೆ ಕಾರಣಗಳು. ಅವರು ಮಾತ್ರ ಇರಬೇಕು ಎಂಬುದಕ್ಕೆ ಇವು ಕಾರಣ ಆಗುವುದಿಲ್ಲ.

ಇಲ್ಲಿ ಬೈಲಾಗಳಲ್ಲಿರುವ ಹಿತಾಸಕ್ತಿ ಸಂಘರ್ಷದ ನಿಯಮ ಸಾಲದು ಎಂಬುದು ಗೊತ್ತಾಗುತ್ತದೆ. ಆ ನಿಯಮ ಒಬ್ಬ ವ್ಯಕ್ತಿಯನ್ನು ಮನಸ್ಸಲ್ಲಿಟ್ಟು ಬರೆದದ್ದು. ನಿಮ್ಮ ತಮ್ಮನ ಕಂಪನಿಗೆ ಗುತ್ತಿಗೆ ಕೊಡುವ ವಿಷಯ ಬಂದರೆ ಮೊದಲೇ ಹೇಳಿ, ಎದ್ದು ಹೊರಗೆ ಹೋಗಿ, ಓಟು ಹಾಕಬೇಡಿ. ನಡಾವಳಿಯಲ್ಲಿ ಅದು ದಾಖಲಾಗಲಿ. ಸರಿ. ಆದರೆ ಮಂಡಳಿಯಲ್ಲಿ ಕೂತ ಎಲ್ಲರಿಗೂ ಒಂದೇ ಹಿತಾಸಕ್ತಿ ಇದ್ದರೆ? ಒಂಟಿ ಕೋಣೆಯ ಬಂಧನಕ್ಕೆ ಎಷ್ಟು ದಿನದ ಮಿತಿ ಇರಬೇಕು ಎಂಬ ಚರ್ಚೆಯಲ್ಲಿ ಜೈಲು ನಡೆಸುವ ಪ್ರತಿಯೊಬ್ಬರಿಗೂ ಒಂದು ಪಾಲು ಇದೆ. ಆಗ ಎದ್ದು ಹೊರಗೆ ಹೋಗಬೇಕಾದವರು ಯಾರು? ಕೋಣೆಯೇ ಖಾಲಿಯಾಗುತ್ತದೆ. ಹಾಗಾಗಿ ಈ ರೋಗಕ್ಕೆ ಮದ್ದು ಕುರ್ಚಿಗಳ ಹಂಚಿಕೆಯಲ್ಲಿ ಹುಡುಕಬೇಕು. ಘೋಷಣಾ ಪತ್ರಕ್ಕೆ ವರ್ಷಕ್ಕೊಮ್ಮೆ ಸಹಿ ಹಾಕಿಸಿಕೊಂಡರೆ ಆಗದು.

ಸರ್ಕಾರಿ ಅಧಿಕಾರಿ ಸಂಘದ ಮಂಡಳಿಯಲ್ಲಿ ಕೂತಾಗ ಎರಡು ನಿಷ್ಠೆಗಳೂ ಡಿಕ್ಕಿ ಹೊಡೆಯುತ್ತವೆ. ಮಂಡಳಿಯ ಸದಸ್ಯರಾಗಿ ಅವರು ಸಂಘದ ಒಳಿತು ನೋಡಬೇಕು, ಕಾನೂನು ಹೇಳುವುದು ಅದನ್ನೇ. ಅಧಿಕಾರಿಯಾಗಿ ಜನರ ಒಳಿತು ನೋಡಬೇಕು. ಸಂಘಕ್ಕೆ ಅನುದಾನ ಕೊಡುವ ಫೈಲು ಅವರದೇ ಮೇಜಿಗೆ ಬಂದರೆ? ಕೇಂದ್ರ ಸರ್ಕಾರದ ನೌಕರರು ತಾವು ನಿರ್ದೇಶಕರಾಗಿರುವ ಸಂಸ್ಥೆಯ ಹಣಕಾಸಿಗೆ ತಾಗುವ ಸರ್ಕಾರಿ ತೀರ್ಮಾನದಲ್ಲಿ ಭಾಗವಹಿಸುವುದನ್ನು ಅಪರಾಧ ಕಾನೂನೇ ತಡೆಯುತ್ತದೆ. ಆದರೆ ಅಧಿಕೃತ ಕರ್ತವ್ಯದ ಭಾಗವಾಗಿ ಲಾಭರಹಿತ ಮಂಡಳಿಯಲ್ಲಿ ಕೂರುವವರಿಗೆ 2013ರಲ್ಲಿ ಸರ್ಕಾರದ ನೈತಿಕತಾ ಕಚೇರಿ ವಿನಾಯಿತಿ ಕೊಟ್ಟಿತು. ಜ್ಞಾನ ಹಂಚಿಕೆಗೆ ಅಡ್ಡಿಯಾಗಬಾರದು ಎಂಬ ಕಾರಣ ಒಪ್ಪುವಂಥದ್ದೇ. ಬೇಲಿ ತಗ್ಗಿದ ಜಾಗದಲ್ಲಿ ಸಂಘದ ಸ್ವಂತ ನಿಯಮ ಎತ್ತರ ಇರಬೇಕಿತ್ತು, ಅಷ್ಟೇ ನನ್ನ ಮಾತು.

ಹಾಗಾದರೆ ಹೊರಗಿನವರು ಇದನ್ನೆಲ್ಲ ತಿಳಿಯುವುದು ಹೇಗೆ? ಒಂದು ಕಿಟಕಿ ಇದೆ. ತೆರಿಗೆ ವಿನಾಯಿತಿ ಇರುವ ಸಂಘ ಪ್ರತಿ ವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ಸಲ್ಲಿಸಬೇಕು. 50,000 ಡಾಲರ್‌ವರೆಗಿನ ವಹಿವಾಟಿನ ಪುಟ್ಟ ಸಂಘಗಳಿಗೆ ಚಿಕ್ಕ ನಮೂನೆ ಸಾಕು. 2 ಲಕ್ಷ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟಿದ್ದರೆ ಪೂರ್ತಿ ಫಾರ್ಮ್. ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿ ರದ್ದಾಗುತ್ತದೆ. ಕೇಳಿದ ಯಾರಿಗಾದರೂ ಕಳೆದ ಮೂರು ವರ್ಷದ ಪ್ರತಿ ತೋರಿಸಬೇಕು. ದಾಖಲೆ ಕಾಯ್ದೆಯ ಬಾಗಿಲು ಮುಚ್ಚಿದ್ದರೂ ಇದು ತೆರೆದೇ ಇರುತ್ತದೆ.

ಅದರಲ್ಲಿ ಆರನೇ ಭಾಗವನ್ನು ನಿಧಾನವಾಗಿ ಓದಬೇಕು. ಆಡಳಿತದ ಪ್ರಶ್ನೆಗಳೆಲ್ಲ ಅಲ್ಲಿವೆ. ಮೊದಲ ಸಾಲಲ್ಲೇ ಮಂಡಳಿಯಲ್ಲಿ ಓಟಿರುವವರು ಎಷ್ಟು, ಅವರಲ್ಲಿ ಸ್ವತಂತ್ರರು ಎಷ್ಟು ಎಂದು ಎರಡು ಸಂಖ್ಯೆ ಇರುತ್ತದೆ. ಎರಡರ ನಡುವಿನ ಅಂತರ ನೋಡಿ. ಆಮೇಲೆ ಪದಾಧಿಕಾರಿಗಳ ನಡುವೆ ನೆಂಟಸ್ತಿಕೆ ಅಥವಾ ವ್ಯಾಪಾರದ ಸಂಬಂಧ ಇದೆಯಾ ಎಂಬ ಪ್ರಶ್ನೆ. ಸದಸ್ಯರಿಗೆ ಮಂಡಳಿಯನ್ನು ಆರಿಸುವ ಹಕ್ಕಿದೆಯಾ? ಸಭೆಯ ನಡಾವಳಿಯನ್ನು ಆಗಿಂದಾಗಲೇ ಬರೆದಿಡುತ್ತಾರಾ? ಈ ಫಾರ್ಮನ್ನು ಸಲ್ಲಿಸುವ ಮುಂಚೆ ಮಂಡಳಿಯ ಎಲ್ಲರಿಗೂ ಕೊಟ್ಟಿದ್ದರಾ? ಹಿತಾಸಕ್ತಿ ಸಂಘರ್ಷದ ನಿಯಮ, ತಪ್ಪು ಬಯಲು ಮಾಡಿದವರಿಗೆ ರಕ್ಷಣೆಯ ನಿಯಮ, ದಾಖಲೆ ಉಳಿಸುವ ನಿಯಮ ಇವೆಯಾ? ಮುಖ್ಯಸ್ಥರ ಸಂಬಳವನ್ನು ಸ್ವತಂತ್ರ ಸದಸ್ಯರು ಬೇರೆ ಸಂಸ್ಥೆಗಳ ಸಂಬಳಕ್ಕೆ ಹೋಲಿಸಿ ನಿಗದಿ ಮಾಡಿದರಾ? ಈ ನಿಯಮಗಳು ಇರಲೇಬೇಕು ಎಂದು ತೆರಿಗೆ ಕಾನೂನು ಹೇಳುವುದಿಲ್ಲ, ಫಾರ್ಮಿನಲ್ಲೇ ಹಾಗೆ ಬರೆದಿದೆ. 'ಇಲ್ಲ' ಎಂದು ಗುರುತು ಹಾಕಿದರೆ ದಂಡವಿಲ್ಲ. ಆದರೆ ಆ ಗುರುತನ್ನು ಯಾರು ಬೇಕಾದರೂ ನೋಡಬಹುದು. ಪತ್ರಕರ್ತರು ಜೈಲು ಸಂಘಗಳ ಬಗ್ಗೆ ಬರೆಯುವಾಗ ಮೊದಲು ತೆರೆಯುವುದು ಈ ಪುಟಗಳನ್ನೇ.

ಸಂಬಳದ ವಿಷಯಕ್ಕೆ ಮಾತ್ರ ನಿಜವಾದ ಹಲ್ಲಿದೆ. 501(ಸಿ)(3) ವರ್ಗದ ಸಂಘದಲ್ಲಿ ಒಳಗಿನವರು ಸಲ್ಲದ ಲಾಭ ತೆಗೆದುಕೊಂಡರೆ ಆ ಹೆಚ್ಚುವರಿ ಮೊತ್ತದ ಮೇಲೆ ಶೇ 25 ತೆರಿಗೆ ಬೀಳುತ್ತದೆ. ಸಮಯಕ್ಕೆ ಸರಿಪಡಿಸದಿದ್ದರೆ ಶೇ 200. ಗೊತ್ತಿದ್ದೂ ಒಪ್ಪಿಗೆ ಕೊಟ್ಟ ಮಂಡಳಿ ಸದಸ್ಯರಿಗೂ ಪ್ರತ್ಯೇಕ ತೆರಿಗೆ ಇದೆ. ದುಡ್ಡಿನ ತಪ್ಪಿಗೆ ಕಾನೂನು ಇಷ್ಟು ಖಚಿತವಾಗಿ ಅಳತೆ ಹಾಕಿದೆ. ಯಾರ ದನಿ ಮಂಡಳಿಯಲ್ಲಿ ಇಲ್ಲ ಎಂಬುದಕ್ಕೆ ಫಾರ್ಮಿನಲ್ಲಿ ಒಂದು ಸಾಲೂ ಇಲ್ಲ.

ಕುರ್ಚಿಗಳನ್ನು ಬೇರೆ ಥರ ಹಂಚಲು ಸಾಧ್ಯ ಎಂಬುದಕ್ಕೆ ಇದೇ ಕ್ಷೇತ್ರದಲ್ಲಿ ಮಾದರಿ ಇದೆ. 1970ರ ದಶಕದಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಜೈಲುಗಳಲ್ಲಿ ಚಿಕಿತ್ಸೆ ಹೇಗಿದೆ ಎಂದು ನೋಡಲು ಹೊರಟಿತು. ಎಷ್ಟೋ ಕಡೆ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ. ಆ ಕೆಲಸದಿಂದ 1983ರಲ್ಲಿ ಬೇರೆಯೇ ಆದ ಒಂದು ಲಾಭರಹಿತ ಆಯೋಗ ಹುಟ್ಟಿತು, ಜೈಲು ಆರೋಗ್ಯ ಸೇವೆಯ ರಾಷ್ಟ್ರೀಯ ಆಯೋಗ. ಇದೂ ಮಾನದಂಡ ಬರೆಯುತ್ತದೆ, ಇದೂ ಶುಲ್ಕ ಪಡೆದು ಮಾನ್ಯತೆ ಕೊಡುತ್ತದೆ. ವ್ಯತ್ಯಾಸ ಮಂಡಳಿಯಲ್ಲಿದೆ. ವೈದ್ಯರ, ನರ್ಸುಗಳ, ಮನೋವೈದ್ಯರ, ವಕೀಲರ, ಜೈಲು ಅಧಿಕಾರಿಗಳ ಸಂಘಗಳು ತಮ್ಮ ತಮ್ಮ ಪ್ರತಿನಿಧಿಯನ್ನು ಅಲ್ಲಿಗೆ ಕಳಿಸುತ್ತವೆ. ಹಾಗೆ ಬಂದ ವೈದ್ಯರು ಉತ್ತರ ಕೊಡಬೇಕಾದದ್ದು ತಮ್ಮನ್ನು ಕಳಿಸಿದ ವೈದ್ಯರ ಸಂಘಕ್ಕೆ. ಜೈಲಿನ ಮುಖ್ಯಸ್ಥರು ಬೇಸರಪಟ್ಟುಕೊಂಡರೆ ಅವರ ಕುರ್ಚಿ ಹೋಗುವುದಿಲ್ಲ. ಶುಲ್ಕದ ಸಮಸ್ಯೆ ಇಲ್ಲೂ ಇದೆ, ಆದರೆ ಬೇಡ ಎಂದು ಹೇಳಬಲ್ಲವರು ಕೋಣೆಯಲ್ಲಿ ಇದ್ದಾರೆ.

ಇಲ್ಲಿಂದ ಮುಂದಕ್ಕೆ ಹೋಗಬಹುದು. ಜೈಲಲ್ಲಿ ವರ್ಷಗಳನ್ನು ಕಳೆದು ಹೊರಬಂದವರಿಗೆ, ಅಪರಾಧದಿಂದ ನೊಂದ ಕುಟುಂಬಗಳಿಗೆ ಹಲವು ಸಂಘಗಳು ಸಲಹಾ ಸಮಿತಿಯಲ್ಲಿ ಜಾಗ ಕೊಡುತ್ತವೆ. ಸಲಹಾ ಸಮಿತಿಗೆ ಓಟಿಲ್ಲ, ಬಜೆಟ್ ಕೈಗೆ ಸಿಗುವುದಿಲ್ಲ, ನಾಮನಿರ್ದೇಶನದಲ್ಲಿ ಪಾಲಿಲ್ಲ. ಸಮ್ಮೇಳನದ ವೇದಿಕೆಯಲ್ಲಿ ಅವರ ಅನುಭವ ಕೇಳಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಮರುದಿನದ ಮಂಡಳಿ ಸಭೆಗೆ ಅವರನ್ನು ಕರೆಯುವುದಿಲ್ಲ. ಬೈಲಾಕ್ಕೆ ಒಂದು ತಿದ್ದುಪಡಿ ತಂದರೆ ಇದು ಬದಲಾಗುತ್ತದೆ. ಓಟಿರುವ ಎರಡು ಕುರ್ಚಿ, ಮೂರು ವರ್ಷದ ಅವಧಿ, ಮಧ್ಯದಲ್ಲಿ ತೆಗೆಯಬೇಕಾದರೆ ಮೂರನೇ ಎರಡರಷ್ಟು ಮತ. ಎರಡೇ ಯಾಕೆ ಅಂದರೆ, ಒಬ್ಬರೇ ಇದ್ದರೆ ಅವರು ಎತ್ತಿದ ಮಾತಿಗೆ ಅನುಮೋದನೆ ಕೊಡುವವರು ಸಿಗುವುದಿಲ್ಲ, ವಿಷಯ ಚರ್ಚೆಗೇ ಬರುವುದಿಲ್ಲ. ಇಬ್ಬರಿದ್ದರೆ ಒಬ್ಬರು ಮಂಡಿಸಬಹುದು, ಇನ್ನೊಬ್ಬರು ಅನುಮೋದಿಸಬಹುದು. ಆಗ ಓಟು ನಡೆಯಲೇಬೇಕು, ಸೋತರೂ ಅದು ನಡಾವಳಿಯಲ್ಲಿ ದಾಖಲಾಗುತ್ತದೆ.